ಚಿಪ್ಪಣಬೆ ತಿಂದರೆ ಜಂತುಹುಳು ಸಾಯುತ್ತದೆಯೇ?

ಅಣಬೆಗಳಲ್ಲಿ ಜಂತುಹುಳುವಿನ ಔಷಧ ಹುಡುಕುವುದು ನನ್ನ ಕೆಲಸ ಎಂದು ತಿಳಿದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಮೊನ್ನೆ ಸೋದರತ್ತೆ ಫೋನ್ ಮಾಡಿ, "ಮೊಮ್ಮಗನಿಗೆ ಹುಳದ ಕಾಟ, ವಾರಕ್ಕೆರಡು ಸಲ ಅಣಬೆ ಸಾರು ಮಾಡಿಕೊಡಲೇನಪ್ಪ?" ಎಂದರು. ಸಾರು ಧಾರಾಳವಾಗಿ ಮಾಡಿ ಅತ್ತೆ, ಆದರೆ ಹುಳಕ್ಕೆ ಆಲ್ಬೆಂಡಜೋಲ್ ಮಾತ್ರೆಯನ್ನೇ ಕೊಡಿಸಿ ಎಂದೆ. ಶಾಲೆ, ಅಂಗನವಾಡಿಗಳಲ್ಲಿ ಪುಕ್ಕಟೆಯಾಗಿ ಹಂಚುವ ಮಾತ್ರೆ ಅದು.

ಹಾಗೆಂದು ಅತ್ತೆಯ ಊಹೆಗೆ ಬುಡವೇ ಇಲ್ಲವೆಂದಲ್ಲ. ಚಿಪ್ಪಣಬೆ (ಆಯ್ಸ್ಟರ್ ಮಶ್ರೂಮ್) ಹುಳುಗಳನ್ನು ಕೊಂದು ತಿನ್ನುತ್ತದೆ. ಕೆನಡಾದ ವಿಜ್ಞಾನಿಗಳಾದ ಥಾರ್ನ್ ಮತ್ತು ಬ್ಯಾರನ್ ಇದನ್ನು 1984ರಲ್ಲೇ ವರದಿ ಮಾಡಿದರು. ಕೊಳೆತ ಮರವನ್ನು ನಂಬಿ ಬದುಕುವ ಈ ಶಿಲೀಂಧ್ರಕ್ಕೆ ಮರದಿಂದ ಸಿಗುವ ಸಾರಜನಕ ತೀರಾ ಕಡಿಮೆ. ಆ ಕೊರತೆಯನ್ನು ಅದು ಸಣ್ಣ ದುಂಡುಹುಳುಗಳ (ಹೊಟ್ಟೆಯ ಹಲವು ಜಂತುಹುಳುಗಳೂ ಇದೇ ಗುಂಪಿನವು) ಮೈಯಿಂದ ತುಂಬಿಕೊಳ್ಳುತ್ತದೆ. ಬೇಟೆಯಾಡುವುದು ಮಾತ್ರ ನಾವು ತಿನ್ನುವ ಕೊಡೆಯಲ್ಲ. ಅಣಬೆ ಬೆಳೆಯುವವರು ಭತ್ತದ ಹುಲ್ಲಿನ ಚೀಲದೊಳಗೆ ಬೆಳ್ಳಗೆ ಹಬ್ಬುವ ಎಳೆಗಳನ್ನು ನೋಡಿರುತ್ತಾರಲ್ಲ, ಅವು. ಆ ಎಳೆಗಳ ಮೇಲೆ ಸೂಕ್ಷ್ಮದರ್ಶಕದಲ್ಲಿ ಕಡ್ಡಿಗೆ ಸಿಕ್ಕಿಸಿದ ಮಿಠಾಯಿಯಂತೆ ಕಾಣುವ ಪುಟ್ಟ ಗುಂಡುಗಳಿವೆ. ಹುಳು ತಾಗಿದರೆ ಗುಂಡು ಒಡೆಯುತ್ತದೆ. ನಿಮಿಷಗಳಲ್ಲಿ ಹುಳು ಮರಗಟ್ಟುತ್ತದೆ. ಗುಂಡಿನೊಳಗಿರುವುದು 3-ಆಕ್ಟನೋನ್ ಎಂಬ ರಾಸಾಯನಿಕ ಎಂದು ತೈವಾನಿನ ವಿಜ್ಞಾನಿಗಳು 2023ರಲ್ಲಿ ತೋರಿಸಿಕೊಟ್ಟರು. ಅದು ಜೀವಕೋಶದ ಪೊರೆಯನ್ನು ಕೆಡಿಸುತ್ತದೆ, ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಸಾವು ಮೈಯುದ್ದಕ್ಕೂ ಹರಡುತ್ತದೆ. ಗಾಳಿಗೆ ಆವಿಯಾಗಿ ಹೋಗುವ ವಸ್ತು ಅದು. ಕುದಿಯುವ ಸಾರಿನಲ್ಲಿ ಎಷ್ಟು ಹೊತ್ತು ನಿಂತೀತು?

ಹಾಗಾದರೆ ಹುಡುಕಾಟ ಏಕೆ? ನನ್ನ ಮಟ್ಟಿಗೆ ಉತ್ತರ ಕುರಿ ಹಟ್ಟಿಯಲ್ಲಿದೆ. ಹೀಮಾಂಕಸ್ ಎಂಬ ಹುಳು ಕುರಿಯ ಜಠರದಲ್ಲಿ ಕಚ್ಚಿ ಕುಳಿತು ರಕ್ತ ಹೀರುತ್ತದೆ. ಕುರಿಯ ಕಣ್ಣಿನ ಒಳರೆಪ್ಪೆ ಬಿಳಚಿಕೊಳ್ಳುತ್ತದೆ, ದವಡೆಯ ಕೆಳಗೆ ನೀರು ತುಂಬಿ ಬಾವು ಬರುತ್ತದೆ. ಮತ್ತೆ ಮತ್ತೆ ಅದೇ ಔಷಧ ಕುಡಿಸಿದ ಕಡೆಗಳಲ್ಲಿ ಹುಳು ಅದಕ್ಕೆ ಬಗ್ಗುತ್ತಿಲ್ಲ. ಸಾಲ ಮಾಡಿ ಮರಿ ಕೊಂಡ ಕುರಿಗಾಹಿಗೆ ಹೊಸ ಔಷಧ ಬೇಕೇ ಬೇಕು. ಶಿಲೀಂಧ್ರದ ಮೂಲದಿಂದ ಬಂದ ಔಷಧ ಈಗಾಗಲೇ ಒಂದಿದೆ: ಬೆಕ್ಕುಗಳ ಜಂತುಹುಳುವಿಗೆ ಬಳಸುವ ಎಮೋಡೆಪ್ಸೈಡ್. ಜಪಾನಿನ ಕಮೇಲಿಯಾ ಗಿಡದ ಎಲೆಯ ಮೇಲಿದ್ದ ಒಂದು ಶಿಲೀಂಧ್ರ ಅದರ ಮೂಲ.

ಮೆಕ್ಸಿಕೋದ ಸಂಶೋಧಕರು ಗುಲಾಬಿ ಚಿಪ್ಪಣಬೆಯ ಕೊಡೆಯಿಂದಲೇ ತೆಗೆದ ಸಾರವನ್ನು ಹೀಮಾಂಕಸ್‌ನ ಮೊಟ್ಟೆ, ಮರಿಗಳ ಮೇಲೆ ಪ್ರಯೋಗಿಸಿ ಅವನ್ನು ಕೊಂದಿದ್ದಾರೆ. ಅದರಲ್ಲಿ ಸಿಕ್ಕಿದ್ದು ಕೆಲವು ಕೊಬ್ಬಿನಾಮ್ಲಗಳು ಮತ್ತು ಬೀಟಾ ಸಿಟೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು. ನನಗೆ ಬಹಳ ಭರವಸೆ ಕೊಟ್ಟ ಕೆಲಸವದು. ಆದರೆ ಅದು ಗಾಜಿನ ತಟ್ಟೆಯಲ್ಲಿ, ಗಟ್ಟಿಗೊಳಿಸಿದ ಸಾರದಿಂದ ಆದದ್ದು. ಕುರಿಯ ಹೊಟ್ಟೆಯಲ್ಲಿ ಸಾರ ಮೊದಲು ಮೆಲುಕಿಗೆ ಬಂದ ಮೇವಿನೊಂದಿಗೆ ಬೆರೆಯುತ್ತದೆ, ಕೋಟ್ಯಂತರ ಸೂಕ್ಷ್ಮಜೀವಿಗಳ ಬಾಯಿಗೆ ಬೀಳುತ್ತದೆ, ಆಮೇಲೆ ಆಮ್ಲ. ಇಷ್ಟನ್ನೂ ದಾಟಿ ಹುಳುವಿನವರೆಗೆ ಹೋಗಬೇಕು, ಕುರಿಗೆ ಕೇಡು ಮಾಡದೆ.