ಅಜಂತಾ ದಾರಿಯಲ್ಲಿ ಹರಳು ಕೊಳ್ಳುವ ಮುನ್ನ

ಖನಿಜದ ಹರಳುಗಳನ್ನು ಸಂಗ್ರಹಿಸುವ ಆಸೆಯಿಂದ ಅಜಂತಾ ಕಡೆಗೆ ಹೊರಡುವವರು ಮೊದಲು ನಾಸಿಕ್ ಸಮೀಪದ ಸಿನ್ನರಿನಲ್ಲಿರುವ ಗಾರ್ಗೋಟಿ ಖನಿಜ ಸಂಗ್ರಹಾಲಯವನ್ನು ನೋಡಿಕೊಂಡೇ ಮುಂದೆ ಹೋಗುವುದು ಒಳ್ಳೆಯದು. ದಖ್ಖನ್ನಿನ ಬಸಾಲ್ಟ್ ಬಂಡೆಯ ಪೊಳ್ಳುಗಳಲ್ಲಿ ಬೆಳೆದ ತಿಳಿಹಸಿರು ಅಪೋಫಿಲೈಟ್, ನಸುಗೆಂಪು ಸ್ಟಿಲ್ಬೈಟ್, ಪುಣೆ ಪಕ್ಕದ ವಾಘೋಲಿಯ ಕಲ್ಲುಕ್ವಾರಿಗಳ ಕಡುನೀಲಿ ಕ್ಯಾವನ್ಸೈಟ್ ಇವುಗಳ ಅಸಲಿ ಬಣ್ಣ ಅಲ್ಲಿ ಕಣ್ಣಿಗೆ ಪಳಗಿದರೆ ಮುಂದೆ ಹಣ ಉಳಿಯುತ್ತದೆ.

ಜಳಗಾಂವದಿಂದ ಅಜಂತಾಕ್ಕೆ ನಾವು ಹತ್ತಿದ ಬಸ್ಸಿನ ಕಿಟಕಿಗಳು ಮುಚ್ಚುತ್ತಿರಲಿಲ್ಲವಾದ್ದರಿಂದ ಸುಮಾರು 60 ಕಿ.ಮೀ. ದಾರಿಯುದ್ದಕ್ಕೂ ಧೂಳು ಕುಡಿಯಬೇಕಾಯಿತು. ವಯಸ್ಸಾದವರು ಜೊತೆಗಿದ್ದರೆ ಕಾರು ಗೊತ್ತುಮಾಡಿಕೊಳ್ಳಿ. ಇಳಿದ ಕೂಡಲೇ ಮಾರಾಟಗಾರರು ಮುತ್ತಿಕೊಂಡರು. ಒಬ್ಬಾತ ಗಾಢ ನೇರಳೆ ಬಣ್ಣದ ಕಲ್ಲೊಂದನ್ನು ‘ನ್ಯಾಚುರಲ್’ ಎಂದು ಆಣೆಯಿಟ್ಟು ಎರಡು ಸಾವಿರ ರೂಪಾಯಿ ಹೇಳಿದ. ನನ್ನ ಹೆಂಡತಿ ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಅದರ ಬಿರುಕನ್ನು ಒರೆಸಿದಾಗ ಹತ್ತಿ ನೇರಳೆಯಾಯಿತು, ಬೆಲೆ ಮುನ್ನೂರಕ್ಕಿಳಿಯಿತು. ಇನ್ನೊಬ್ಬನ ಬಳಿಯಿದ್ದ ಕ್ಯಾವನ್ಸೈಟಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಳ್ಳೆಗಟ್ಟಿದ ಅಂಟು ಹೊಳೆಯುತ್ತಿತ್ತು, ಅಂದರೆ ಹರಳನ್ನು ಕಲ್ಲಿಗೆ ಅಂಟಿಸಿದ್ದರು. ಅಪೋಫಿಲೈಟ್ ಎಂದು ಸ್ಫಟಿಕವನ್ನು (ಕ್ವಾರ್ಟ್ಜ್) ಕೊಟ್ಟರೆ ಪಕ್ಕದ ಮುಖಗಳನ್ನು ಗಮನಿಸಿ: ಅಪೋಫಿಲೈಟಿನಲ್ಲಿ ಗೆರೆಗಳು ಉದ್ದುದ್ದಕ್ಕೆ, ಸ್ಫಟಿಕದಲ್ಲಿ ಅಡ್ಡಡ್ಡಕ್ಕೆ ಇರುತ್ತವೆ.

‘ಬ್ರಿಟಿಷರ ಕಾಲದ ಮಾಲು’ ಎಂಬ ಮಾತಿಗೂ ಮರುಳಾಗಬೇಡಿ. 19ನೇ ಶತಮಾನದಲ್ಲಿ ಮುಂಬೈ–ಪುಣೆ ರೈಲುದಾರಿಗಾಗಿ ಭೋರ್ ಘಾಟಿನ ಬಂಡೆ ಒಡೆದಾಗ ಸಿಕ್ಕ ಹರಳುಗಳು ಯೂರೋಪಿನ ಸಂಗ್ರಹಗಳಿಗೆ ಹೋದದ್ದು ನಿಜ, ಆದರೆ ಅಂಥ ಹರಳಿಗೆ ಬೆಲೆ ಬರುವುದು ಸಿಕ್ಕ ಜಾಗವನ್ನು ಬರೆದು ಅದರೊಂದಿಗೆ ಉಳಿದುಬಂದ ಹಳೆಯ ಚೀಟಿಯಿಂದ. ಹೊಸ ಹರಳಿಗೂ ಯಾವ ಊರಿನ ಕ್ವಾರಿಯದೆಂದು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವನ ಬಳಿ ನಾನಂತೂ ಕೊಳ್ಳುವುದಿಲ್ಲ.

ಗುಹೆಗಳ ಸಮೀಪದ ಕೋಣೆಗೆ ನಾವು ತೆತ್ತ ಬಾಡಿಗೆಗೆ ಬಿಸಿನೀರೂ ದಕ್ಕಲಿಲ್ಲವಾದ್ದರಿಂದ ಜಳಗಾಂವದಲ್ಲೇ ತಂಗುವುದು ಲೇಸು. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯ ಖಾನಾವಳಿಯೊಂದರಲ್ಲಿ ಹತ್ತಿಕಡ್ಡಿಯ ಬೆಂಕಿಯಲ್ಲಿ ದೊಡ್ಡ ಬದನೆಕಾಯಿಗಳನ್ನು ಸುಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯೊಂದಿಗೆ ಕುಟ್ಟಿ, ಮೇಲೆ ಹುರಿದ ಶೇಂಗಾ ಉದುರಿಸಿ ಭರೀತ್ ಮಾಡಿಕೊಡುತ್ತಾರೆ. ಜೋಳ ಮತ್ತು ಉದ್ದು ಬೀಸಿದ ಹಿಟ್ಟಿನ ಬಿಸಿ ಭಾಕರಿಯನ್ನು ಮುರಿದು ಅದರಲ್ಲಿ ಅದ್ದಿ ತಿಂದರೆ ವಿಜಯಪುರದ ಕಡೆಯವರಿಗೆ ಮನೆಯ ಊಟವೇ ನೆನಪಾದೀತು. ಬೆಂಚಿಗಾಗಿ ಕಾಯಬೇಕು, ಹೊಗೆಗೆ ಕಣ್ಣುರಿಯುತ್ತದೆ. ಜನಜಂಗುಳಿ ಎಂದರೆ ದೂರ ಸರಿಯುವ ನಾನೂ ಅಲ್ಲಿ ಮತ್ತೆ ಸಾಲಿನಲ್ಲಿ ನಿಂತೆ.

ಮರಳುವಾಗ ಹರಳುಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಹತ್ತಿಯಿಟ್ಟು ಕಟ್ಟಿಸಿ, ರೈಲಿನಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಪೋಫಿಲೈಟ್ ಸಣ್ಣ ಪೆಟ್ಟಿಗೂ ಪದರಾಗಿ ಸೀಳುತ್ತದೆ.