ಧಾರಾವಾಹಿಯಲ್ಲಿ ಒಂದು ಸಹಿ ಬಿದ್ದರೆ

ಸಂಜೆ ಏಳರಿಂದ ಹತ್ತರವರೆಗೆ ಯಾವ ಚಾನೆಲ್ ಹಾಕಿದರೂ ಈಗ ಯಾರೋ ಒಬ್ಬರು ಇನ್ನೊಬ್ಬರ ಸಹಿಗಾಗಿ ಹೊಂಚು ಹಾಕಿ ಕೂತಿರುತ್ತಾರೆ. ಆಸ್ಪತ್ರೆ ಫಾರಂ ಕೆಳಗೊಂದು ಖಾಲಿ ಹಾಳೆ, ಕೊರಿಯರ್ ರಸೀದಿ ಜೊತೆಗೊಂದು ಬಾಂಡ್ ಪೇಪರ್, ಮಲಗಿರುವ ಯಜಮಾನರ ಹೆಬ್ಬೆಟ್ಟು. ಸಹಿ ಬಿದ್ದ ಕೂಡಲೇ ಗುಡುಗು. ಮರುದಿನ "ಈ ಮನೆ ಇನ್ಮೇಲೆ ನಂದು, ಎಲ್ರೂ ಆಚೆ ನಡೀರಿ." ಮನೆಯವರು ನಡೆದೇ ಬಿಡುತ್ತಾರೆ, ಸೂಟ್‌ಕೇಸ್ ಸಮೇತ. ಹಾಗೆ ಬೀದಿಗೆ ಬಂದವರಲ್ಲಿ ಐಎಎಸ್‌ಗೆ ಓದುತ್ತಿರುವ ಮಗನೂ ಇರುತ್ತಾನೆ. ಅವನೂ "ರಿಜಿಸ್ಟರ್ ಆಗಿದ್ಯಾ?" ಅಂತ ಒಂದು ಮಾತು ಕೇಳುವುದಿಲ್ಲ.

ಧಾರಾವಾಹಿ ಕಾನೂನು ಪಾಠ ಮಾಡಲಿ ಎಂದು ಯಾರೂ ಬಯಸುವುದಿಲ್ಲ, ನಾನೂ ಬಯಸುವುದಿಲ್ಲ. ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನಿಜವಾದ ವ್ಯವಹಾರ ನಡೆಯುವ ರೀತಿಯಲ್ಲೇ ಹದಿನೈದು ಸಂಚಿಕೆಗಾಗುವಷ್ಟು ಸರಕು ಬಿದ್ದಿದೆ. ಅದನ್ನು ಬಿಟ್ಟು ಎಂಟು ಮುಖಗಳನ್ನು ಸರದಿಯಲ್ಲಿ ತೋರಿಸಿ ಹೊತ್ತು ಕಳೆಯುತ್ತಾರೆ. ಮುಖಕ್ಕೆ ನಾಲ್ಕು ಸೆಕೆಂಡ್, ಎರಡು ಸುತ್ತು ಹಾಕಿದರೆ ಒಂದು ನಿಮಿಷ ಮುಗಿಯಿತು. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ನಿನ್ನೆಯದರ ಮರುನೋಟ, ಶೀರ್ಷಿಕೆ ಗೀತೆ, ನಾಳೆಯ ಝಲಕ್ ಇವೆಲ್ಲ ಅದರೊಳಗೇ ಆಗಬೇಕು.

ಆ ಬಾಂಡ್ ಪೇಪರನ್ನೇ ಹತ್ತಿರದಿಂದ ನೋಡೋಣ. ತೆರೆಯ ಮೇಲೆ ಇಂದಿಗೂ ಬರುವುದು ಹಳೇ ಕಾಲದ ನೂರು ರೂಪಾಯಿ ಛಾಪಾ ಕಾಗದ. ಕರ್ನಾಟಕದಲ್ಲಿ ಈಗ ನಡೆಯುವುದು ಇ-ಸ್ಟಾಂಪ್. ಅದರ ಮೇಲ್ಭಾಗದಲ್ಲಿ ಪ್ರಮಾಣಪತ್ರದ ಸಂಖ್ಯೆ, ಕೊಂಡ ದಿನಾಂಕ ಮತ್ತು ಸಮಯ, ಯಾವ ಬಗೆಯ ದಸ್ತಾವೇಜು, ಮೊದಲನೇ ಪಕ್ಷ, ಎರಡನೇ ಪಕ್ಷ, ಹಣ ಕಟ್ಟಿದವರ ಹೆಸರು ಎಲ್ಲ ಅಚ್ಚಾಗಿರುತ್ತದೆ. ಅಂದರೆ ಗುಟ್ಟಾಗಿ ಸಹಿ ಹಾಕಿಸಿಕೊಳ್ಳಲು ಬಂದ ಚಿಕ್ಕತ್ತೆಯ ಹೆಸರು ಹಾಳೆಯ ನೆತ್ತಿಯ ಮೇಲೇ ಕೂತಿರುತ್ತದೆ. ಹಿಂದಿನ ತಾರೀಖು ಹಾಕಿ ಪತ್ರ ಸೃಷ್ಟಿಸುವ ಆಟವೂ ನಡೆಯುವುದಿಲ್ಲ. ಸೊಸೆ ಆ ಒಂದು ಸಾಲನ್ನು ಓದಿ "ನಮ್ಮಾವ ಆಸ್ಪತ್ರೆಯಲ್ಲಿದ್ದ ದಿನ ಈ ಸ್ಟಾಂಪ್ ತಗೊಂಡಿದೀರಲ್ಲ ಚಿಕ್ಕತ್ತೆ" ಅಂದರೆ ಸಾಕು, ಗುಡುಗು ಮಿಂಚು ಯಾವುದೂ ಬೇಕಾಗಿಲ್ಲ.

ಸಹಿ ಬಿತ್ತು ಎಂದೇ ಇಟ್ಟುಕೊಳ್ಳಿ. ಮನೆ ಜಮೀನು ಕೈ ಬದಲಾಗಬೇಕಾದರೆ 1908ರ ನೋಂದಣಿ ಕಾಯ್ದೆ ಪ್ರಕಾರ ಪತ್ರ ನೋಂದಣಿಯಾಗಲೇಬೇಕು. ದಾನಪತ್ರವಾದರೆ ಬರೆದುಕೊಟ್ಟವರ ಸಹಿಯ ಜೊತೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಬರೆಸಿಕೊಂಡವರು ದಾನಿ ಬದುಕಿರುವಾಗಲೇ ಅದನ್ನು ಸ್ವೀಕರಿಸಿರಬೇಕು. ಪತ್ರದಲ್ಲಿ ಆಸ್ತಿಯ ಷೆಡ್ಯೂಲು, ನಾಲ್ಕೂ ದಿಕ್ಕಿನ ಚಕ್ಕುಬಂದಿ ಇರಬೇಕು. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಕರಡು ಏರಿಸಿ, ಪರಿಶೀಲನೆ ಆಗಿ, ಶುಲ್ಕ ಕಟ್ಟಿ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ಅಲ್ಲಿ ಫೋಟೊ, ಹೆಬ್ಬೆಟ್ಟು. ಅಧಿಕಾರಿಯ ಮುಂದೆ ಯಜಮಾನರು "ಹೌದು, ನಾನೇ ಬರೆದುಕೊಟ್ಟಿದ್ದೇನೆ" ಎಂದು ಒಪ್ಪಬೇಕು. ಇದೆಲ್ಲದರ ಮೇಲೆ 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದರೆ ಆಸ್ತಿಯ ಆನ್‌ಲೈನ್ ಖಾತಾ ದಾಖಲೆ, ಬೇರೆ. ಖಳನಾಯಕಿ ಮೊದಲು ಇ-ಖಾತಾ ಮಾಡಿಸಲಿ, ಅದೇ ಒಂದು ಮಹಾಸಂಚಿಕೆ.

ಇದರಲ್ಲಿ ನಾಟಕ ಎಲ್ಲಿದೆ ನೋಡಿ. ಮೋಸ ನಡೆಯಬೇಕಾದ್ದು ಮಲಗುವ ಕೋಣೆಯಲ್ಲಲ್ಲ, ಸಬ್‌ರಿಜಿಸ್ಟ್ರಾರ್ ಆಫೀಸಿನ ಜನಜಂಗುಳಿಯ ನಡುವೆ. ಅಪ್ಪನನ್ನು ಪುಸಲಾಯಿಸಿ ಕರೆತರಬೇಕು, ಟೋಕನ್ ಬರುವ ತನಕ ಅವರ ಮನಸ್ಸು ತಿರುಗದಂತೆ ಕಾಯಬೇಕು. ಮನೆಯಲ್ಲಿದ್ದವಳಿಗೆ ಅದು ಗೊತ್ತಾಗುವ ದಾರಿಯೂ ಇದೆ: ಸಾಲಕ್ಕೆಂದು ಇಸಿ (ಆಸ್ತಿಯ ಮೇಲೆ ನಡೆದ ವ್ಯವಹಾರಗಳ ಪಟ್ಟಿ ಇರುವ ಋಣಭಾರ ಪತ್ರ) ತೆಗೆಸಿದಾಗ ಕೊನೆಯ ಸಾಲಿನಲ್ಲಿ ದಾನಪತ್ರ. ಕದ್ದು ಕೇಳಿಸಿಕೊಳ್ಳುವ ಕಂಬದ ಮರೆ ದೃಶ್ಯಕ್ಕಿಂತ ಇದು ಎಷ್ಟೋ ವಾಸಿ. ಗೊತ್ತಾದ ಮೇಲೂ ಬೀದಿಗೆ ಇಳಿಯಬೇಕಿಲ್ಲ. ಪತ್ರ ರದ್ದು ಮಾಡಿಸಲು ವಿಷಯ ತಿಳಿದಂದಿನಿಂದ ಮೂರು ವರ್ಷ ಕಾಲಾವಕಾಶವಿದೆ. ಜೊತೆಗೇ ತಡೆಯಾಜ್ಞೆ ಕೇಳಬಹುದು. ಕೊನೆತನಕ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮಗನಿಗೆ ಬರೆದುಕೊಟ್ಟು, ಆಮೇಲೆ ಅವನು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇದೆ. ನಮ್ಮ ರಾಜ್ಯದಲ್ಲಿ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅರ್ಜಿ ಹಾಕಿಕೊಳ್ಳಬಹುದು. ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ, ನಡುವೆ ಸೊಸೆ ಯಾರ ಪರ ಮಾತಾಡುತ್ತಾಳೆ? ಇಂಥ ಸಂದರ್ಭ ಕೈಯಲ್ಲಿಟ್ಟುಕೊಂಡು ಹಾಲಿಗೆ ವಿಷ ಬೆರೆಸುವ ಟ್ರ್ಯಾಕಿಗೆ ಹೋಗುತ್ತಾರಲ್ಲ!

ಡಿವೋರ್ಸ್ ಪೇಪರ್ ಕಥೆಯೂ ಇಷ್ಟೇ. ಒಂದು ವರ್ಷದ ಅಗ್ರಿಮೆಂಟ್ ಮದುವೆ ಈಗ ಹಲವು ಧಾರಾವಾಹಿಗಳ ಬಂಡವಾಳ. ಅಂಥ ಕರಾರಿಗೆ ಕೋರ್ಟಿನಲ್ಲಿ ಕವಡೆ ಕಿಮ್ಮತ್ತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ತೀರಾ ಅಸಾಧಾರಣ ಕಷ್ಟವಿದ್ದರೆ ಹೊರತು, ಮದುವೆಯಾದ ಒಂದು ವರ್ಷದೊಳಗೆ ವಿಚ್ಛೇದನದ ಅರ್ಜಿಯನ್ನೇ ಹಾಕುವಂತಿಲ್ಲ. ಇಬ್ಬರೂ ಒಪ್ಪಿದರೂ ಅದಾಗಲೇ ಒಂದು ವರ್ಷ ಬೇರೆ ಇದ್ದಿರಬೇಕು. ಒಟ್ಟಿಗೆ ಅರ್ಜಿ ಹಾಕಿದ ಮೇಲೆ ಇನ್ನೂ ಆರು ತಿಂಗಳು ಕಾಯಬೇಕು. ಸುಪ್ರೀಂ ಕೋರ್ಟ್ 2017ರಲ್ಲಿ ಈ ಆರು ತಿಂಗಳನ್ನು ತಕ್ಕ ಪ್ರಕರಣಗಳಲ್ಲಿ ಮನ್ನಾ ಮಾಡಬಹುದು ಎಂದಿತು. ನಾಯಕಿ ಕಣ್ಣೀರಿಟ್ಟು ಸಹಿ ಮಾಡಿದ ಮಾತ್ರಕ್ಕೆ ತಾಳಿ ಕಳಚಿಡಬೇಕಾಗಿಲ್ಲ, ಅಷ್ಟೂ ದಿನ ಅವಳು ಹೆಂಡತಿಯೇ. ನಡುವೆ ಇಬ್ಬರಲ್ಲಿ ಒಬ್ಬರು "ನನಗೆ ಬೇಡ" ಅಂದರೂ ಅರ್ಜಿ ಅಲ್ಲಿಗೇ ನಿಂತಿತು. ಆ ಆರು ತಿಂಗಳು, ಮನಸ್ಸು ಬದಲಾಗಬಹುದೆಂದೇ ಕೊಟ್ಟ ಅವಧಿ. ಪ್ರೇಮಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದೆ?

ವಿಲ್ ವಿಚಾರ ಚಿಕ್ಕದು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕು, ಕೊನೆಯದಾಗಿ ಬರೆದದ್ದೇ ಊರ್ಜಿತ. ವಕೀಲರು ಸೋಫಾದಲ್ಲಿ ಕುಳಿತು ಎಲ್ಲರಿಗೂ ಓದಿ ಹೇಳಬೇಕೆಂಬ ನಿಯಮ ಎಲ್ಲೂ ಇಲ್ಲ. ದೊಡ್ಡ ತಪ್ಪು ಬೇರೆ ಕಡೆ ಇದೆ. ಅಜ್ಜ ಇಡೀ ಪಿತ್ರಾರ್ಜಿತ ಆಸ್ತಿಯನ್ನು ಒಬ್ಬ ಮೊಮ್ಮಗನ ಹೆಸರಿಗೆ ಬರೆದುಬಿಡುತ್ತಾರೆ. ಅವರು ವಿಲ್ ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದದ್ದು 2005ರಲ್ಲಿ, ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ ಅದನ್ನು ತಂದಿತ್ತು. ಇಷ್ಟಾದರೂ ನಮ್ಮ ತೆರೆಯ ಮೇಲಿನ ಅಕ್ಕತಂಗಿಯರು "ಅಣ್ಣ ಏನು ಕೊಟ್ರೆ ಅದು" ಎಂದು ಸೆರಗಿನ ತುದಿ ಹಿಂಡುತ್ತಾ ನಿಲ್ಲುತ್ತಾರೆ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ದಡ್ಡತನ ಕಾರಣವಲ್ಲ, ಖರ್ಚು ಕಾರಣ. ವಾರಕ್ಕೆ ಐದಾರು ಸಂಚಿಕೆ ಕೊಡಬೇಕು. ಮನೆಯ ಸೆಟ್ಟು ಅದಾಗಲೇ ಇದೆ. ಕೋರ್ಟು, ಕಚೇರಿ ಅಂದರೆ ಹೊಸ ಜಾಗ, ಹೊಸ ಕಲಾವಿದರು, ಹಿಂದೆ ಓಡಾಡಲು ಜನ. ಸಹಿಗಾದರೆ ಒಂದು ಪೆನ್ನು, ಒಂದು ಕ್ಲೋಸಪ್ ಸಾಕು. ಗುರುವಾರ ಬರುವ ಟಿಆರ್‌ಪಿ ಲೆಕ್ಕದಲ್ಲಿ ಎಷ್ಟು ನಿಮಿಷ ನೋಡಿದರು ಎಂಬುದೂ ಸೇರಿರುವುದರಿಂದ, ಪೆನ್ನು ಕಾಗದ ಮುಟ್ಟುವ ಮುಂಚೆ ಬ್ರೇಕ್ ಹಾಕುವುದು ಲಾಭದ ಮಾತು. ಒಪ್ಪುತ್ತೇನೆ. ಆದರೆ ಇದೇ ಕನ್ನಡದಲ್ಲಿ ಟಿ.ಎನ್. ಸೀತಾರಾಮ್ ಅವರು 'ಮುಕ್ತ'ದಂಥ ಧಾರಾವಾಹಿಗಳಲ್ಲಿ ವಕೀಲ ಸಿಎಸ್‌ಪಿ ಆಗಿ ಪಾಟೀಸವಾಲು ಮಾಡುತ್ತಿದ್ದರೆ ಜನ ಊಟ ಮುಂದಕ್ಕೆ ಹಾಕಿ ನೋಡುತ್ತಿದ್ದರು. ಅಲ್ಲೂ ಇದ್ದದ್ದು ಕಟಕಟೆ, ಕರಿಕೋಟು, ಮಾತು ಇಷ್ಟೇ. 'ಭಾಗ್ಯಲಕ್ಷ್ಮಿ'ಯಲ್ಲಿ ಗೃಹಿಣಿಯೊಬ್ಬಳು ಎಸ್ಸೆಸ್ಸೆಲ್ಸಿ ಬರೆಯಲು ಹೊರಟಾಗ ಕಥೆಗೆ ಕಸುವು ಬಂದದ್ದೂ ಇದಕ್ಕೇ ಎನ್ನುವುದು ನನ್ನ ಅಭಿಪ್ರಾಯ. ಪರೀಕ್ಷೆಗೆ ತಾರೀಖಿದೆ, ಅದು ಯಾರ ಸಂಚಿಗೂ ಕಾಯುವುದಿಲ್ಲ.

ಕೋರ್ಟಿನ ಮಾತು ಬಂದದ್ದರಿಂದ ಇನ್ನೆರಡು. ನಮ್ಮ ನ್ಯಾಯಾಧೀಶರು ಸುತ್ತಿಗೆ ಕುಟ್ಟುವುದಿಲ್ಲ. ಭಗವದ್ಗೀತೆಯ ಮೇಲೆ ಕೈ ಇಡಿಸುವುದಿಲ್ಲ. 1969ರ ಪ್ರಮಾಣವಚನ ಕಾಯ್ದೆಯಂತೆ ದೇವರ ಹೆಸರಿನಲ್ಲಿ ಪ್ರಮಾಣ ಅಥವಾ ಸತ್ಯನಿಷ್ಠೆಯ ಪ್ರತಿಜ್ಞೆ, ಅಷ್ಟೇ. ಆ ಗೀತೆ ಮತ್ತು ಸುತ್ತಿಗೆಯ ದುಡ್ಡಿನಲ್ಲಿ ಒಬ್ಬ ಮಹಿಳಾ ಪೊಲೀಸ್ ಪಾತ್ರಧಾರಿಯನ್ನು ಕರೆಸಬಹುದು. ಯಾಕೆಂದರೆ ನಾಯಕಿಯನ್ನು ಸುಳ್ಳು ಕೇಸಿನಲ್ಲಿ ಒಳಗೆ ಹಾಕುವ ದೃಶ್ಯ ಯಾವಾಗಲೂ ರಾತ್ರಿಯೇ, ಬರುವವರು ಯಾವಾಗಲೂ ಮೀಸೆಯ ಇನ್‌ಸ್ಪೆಕ್ಟರೇ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಹೆಂಗಸನ್ನು ಬಂಧಿಸಬೇಕಾದರೆ ಅಸಾಧಾರಣ ಸಂದರ್ಭವಿರಬೇಕು, ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು. ಬಾಗಿಲಲ್ಲಿ ನಿಂತ ಅತ್ತೆ ಕೈಮುಗಿದು ಅಳುವ ಬದಲು "ಪರ್ಮಿಷನ್ ತೋರ್ಸಿ, ಇಲ್ಲಾಂದ್ರೆ ಬೆಳಿಗ್ಗೆ ಬನ್ನಿ" ಎಂದು ಕದ ಹಾಕಿಕೊಂಡರೆ ಆ ವಾರದ ಸಂಚಿಕೆಗಳಲ್ಲಿ ನಾನು ಮೆಚ್ಚುವುದು ಅದನ್ನೇ.