ಬಡಾವಣೆಯಲ್ಲಿ ಸಾಮಾನು ವಿನಿಮಯ ಶುರು ಮಾಡುವವರಿಗೆ

ಮಲೆನಾಡಿನ ಮನೆಗಳ ಅಟ್ಟದಲ್ಲಿ ಇನ್ನೂ ಬಾಳಿಕೆ ಬರುವ ಎಷ್ಟೋ ಸಾಮಾನು ಧೂಳು ತಿನ್ನುತ್ತಿವೆ. ಅವು ಇನ್ನೊಬ್ಬರ ಅಡುಗೆಮನೆ ಸೇರಬೇಕು. ಅದಕ್ಕೆ ಮೊದಲು ಸರಿಯಾದ ತಿಂಗಳು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಬಟ್ಟೆ, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿರುತ್ತದೆ, ಒಂದು ಗಂಟು ಬಂದರೆ ಪಕ್ಕದ ರಾಶಿಯೂ ಕೆಡುತ್ತದೆ. ಏಪ್ರಿಲ್ ಒಳ್ಳೆಯದು. ಶಾಲೆ ಶುರುವಾಗುವ ಮೊದಲೇ ಪಠ್ಯಪುಸ್ತಕ, ಬ್ಯಾಗು, ಗಿಡ್ಡವಾದ ಯೂನಿಫಾರಂ ಕೈ ಬದಲಾಗುತ್ತವೆ. ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಕಡೆ ಸಮುದಾಯ ಭವನ ಸಾಕು. ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲಿ ಮನೆಗಳು ತೋಟದ ನಡುವೆ ಚದುರಿರುತ್ತವೆ. ಅಲ್ಲಿ ಹಾಲಿನ ಡೈರಿಯ ಹತ್ತಿರ ಇಡಿ.

ಇದಕ್ಕೆ ಇದು ಎಂಬ ಲೆಕ್ಕ ಬೇಡವೇ ಬೇಡ. ಸೀರೆಗೆ ಎಷ್ಟು ಪಾತ್ರೆ ಎಂದು ಶುರುವಾದರೆ ಜಗಳ. ತಂದವರು ತರಲಿ, ಬೇಕಾದವರು ಒಯ್ಯಲಿ. ಮೊದಲ ಒಂದು ಗಂಟೆ ಮಾತ್ರ ಒಬ್ಬರಿಗೆ 3 ಸಾಮಾನು ಎಂದಿರಲಿ, ಇಲ್ಲದಿದ್ದರೆ ಗುಜರಿಗೆ ಹಾಕುವವರು ಹಿತ್ತಾಳೆ, ಸ್ಟೀಲು ಬಾಚಿಕೊಂಡು ಹೋಗುತ್ತಾರೆ.

ಇಡೀ ಕೆಲಸದ ಜೀವ ಇರುವುದು ಸಾಮಾನು ತೆಗೆದುಕೊಳ್ಳುವ ಟೇಬಲ್ಲಿನಲ್ಲಿ. "ಇದು ಬೇಡ" ಎಂದು ಬೇಸರವಾಗದಂತೆ ವಾಪಸ್ ಕಳಿಸಬಲ್ಲ ಇಬ್ಬರು ಅಲ್ಲಿರಲಿ. ಒಂದು ಎಕ್ಸ್‌ಟೆನ್ಷನ್ ಬೋರ್ಡು, ಒಂದು ಬಕೆಟ್ ನೀರೂ ಬೇಕು. ಮಿಕ್ಸಿ ಜಾರಿಗೆ ನೀರು ಹಾಕಿ ಅರ್ಧ ನಿಮಿಷ ತಿರುಗಿಸಿ. ತಳದಲ್ಲಿ ಹನಿ ಕಂಡರೆ ಬುಷ್ ಸವೆದಿದೆ. ಹಾಗೆಂದು ಬರೆದು ಅಂಟಿಸಿ, ರಿಪೇರಿ ಮಾಡಿಸಿಕೊಳ್ಳುವವರು ಒಯ್ಯುತ್ತಾರೆ. ಕುಕ್ಕರಿಗೆ ಅದೇ ಕಂಪನಿಯ ವೆಯ್ಟ್ ಇಲ್ಲದಿದ್ದರೆ ತೆಗೆದುಕೊಳ್ಳಲೇಬೇಡಿ. ಮರದ ಮಣೆ, ಸ್ಟೂಲನ್ನು ನೆಲಕ್ಕೆ ಕುಟ್ಟಿ ನೋಡಿ. ಸಣ್ಣ ತೂತುಗಳಿಂದ ತಿಳಿ ಬಣ್ಣದ ಹುಡಿ ಉದುರಿದರೆ ಹುಳು ಇನ್ನೂ ಕೊರೆಯುತ್ತಿದೆ, ಒಯ್ದ ಮನೆಯ ಮರಕ್ಕೂ ಹತ್ತೀತು. ತಾಮ್ರ, ಹಿತ್ತಾಳೆ ಪಾತ್ರೆಯ ಒಳಗೆ ಕಲಾಯಿಯ ಬೆಳ್ಳಿ ಬಣ್ಣ ಹೋಗಿ ಕೆಂಪೋ ಹಳದಿಯೋ ಕಂಡರೆ ಚೀಟಿ ಹಚ್ಚಿ: ಕಲಾಯಿ ಹಾಕಿಸುವ ತನಕ ಸಾರು, ಮಜ್ಜಿಗೆ, ತಂಬುಳಿ ಇದರಲ್ಲಿ ಬೇಡ. ಹುಳಿಗೆ ತಾಮ್ರ ಬಿಟ್ಟುಕೊಂಡು ಹೊಟ್ಟೆ ಕೆಡಿಸುತ್ತದೆ.

ಹಾಸಿಗೆ, ದಿಂಬು ಬೇಡ. ಹೊಲಿಗೆಯ ಸಂದಿಯಲ್ಲಿರುವ ತಿಗಣೆ ಟೇಬಲ್ಲಿನ ಮೇಲೆ ಕಾಣುವುದಿಲ್ಲ. ಹಳೇ ಹೆಲ್ಮೆಟ್, ಔಷಧಿಯೂ ಬೇಡ. ಗ್ಯಾಸ್ ಒಲೆ ಆಗಬಹುದು, ಆದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೇ ಹೋಗಬೇಕು.

ಸಂಜೆ ಉಳಿಯುವ ರಾಶಿ ಎಲ್ಲಿಗೆ ಎಂದು ಮೊದಲೇ ಮಾತಾಡಿಡಿ. ಭವನದಲ್ಲೇ ಬಿಟ್ಟುಬಂದರೆ ಮುಂದಿನ ಸಲ ಬೀಗದ ಕೈ ಸಿಗುವುದಿಲ್ಲ. ಬಟ್ಟೆ, ಪುಸ್ತಕ, ಆಟಿಕೆಗಳಂಥ ಹಳೇ ಸಾಮಾನಿಗೆಂದೇ 2023ರ ಮೇ ತಿಂಗಳಲ್ಲಿ ಸ್ವಚ್ಛ ಭಾರತ್ ಅಭಿಯಾನದಡಿ ದೇಶದ ನಗರಗಳಲ್ಲಿ ಆರ್‌ಆರ್‌ಆರ್ (ರಿಡ್ಯೂಸ್, ರೀಯೂಸ್, ರೀಸೈಕಲ್) ಎಂಬ ಮರುಬಳಕೆ ಕೇಂದ್ರಗಳು ಶುರುವಾದವು. ನಿಮಗೆ ಹತ್ತಿರದ್ದು ನಡೆಯುತ್ತಿದೆಯೇ ಎಂದು ಪಾಲಿಕೆಯಲ್ಲಿ ವಿಚಾರಿಸಿ. ಹರಿದ ಹತ್ತಿ ಬಟ್ಟೆ ಗ್ಯಾರೇಜಿನವರಿಗೆ ಒರೆಸಲು ಆಗುತ್ತದೆ. ಬೀರು, ಮಂಚವನ್ನಂತೂ ಭವನಕ್ಕೆ ತರಿಸಲೇಬೇಡಿ. ಫೋಟೊ, ಉದ್ದಗಲ, ಯಾವ ಮಹಡಿ ಎಂಬುದನ್ನು ವಾಟ್ಸಾಪ್ ಗುಂಪಿಗೆ ಹಾಕಿಸಿ. ಬೇಕಾದವರು ಗಾಡಿ ತಂದು ಆ ಮನೆಯಿಂದಲೇ ಒಯ್ಯಲಿ.